ಸತ್ಯಾಂಶ: ಕೋಟಿಂಗ್ ಪೈಪಿಗೆ ತುಕ್ಕೇ ಹಿಡಿಯಲ್ಲವೇ?

"ಕಪ್ಪು ಕೋಟಿಂಗ್ ಇರುವ ಉಕ್ಕಿನ ಪೈಪು ಹೂತರೆ ಎಂದೆಂದೂ ತುಕ್ಕು ಹಿಡಿಯಲ್ಲ" ಎಂಬ ಸಂದೇಶ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ನಿಜ.

ಪೈಪಿನ ಹೊರಮೈಗೆ ತಾಗಿದಂತೆ ಎಪಾಕ್ಸಿ ಎಂಬ ರಾಳ, ನಡುವೆ ಅಂಟು, ಮೇಲೆ ಪಾಲಿಎಥಿಲೀನ್ ಪ್ಲಾಸ್ಟಿಕ್: ಕೋಟಿಂಗಿನ ಈ 3 ಪದರ ನೀರನ್ನು ಚೆನ್ನಾಗಿಯೇ ತಡೆಯುತ್ತವೆ. ಆದರೆ ಗುಂಡಿಗೆ ಇಳಿಸುವಾಗ ಜಂಬಿಟ್ಟಿಗೆ ಕಲ್ಲು ತಾಗಿ ಉಗುರಿನಷ್ಟು ಕಿತ್ತುಬಂದರೂ ಸಾಕು, ತುಕ್ಕು ಅಲ್ಲೇ ಕೊರೆದು ಪೈಪನ್ನು ತೂತು ಮಾಡಬಹುದು. ಮಳೆಯಲ್ಲಿ ತೊಳೆದು ತೊಳೆದು ಮಲೆನಾಡಿನ ಮಣ್ಣು ಹುಳಿ (ಆಮ್ಲೀಯ) ಬೇರೆ, ತುಕ್ಕಿಗೆ ಅದೂ ಅನುಕೂಲ. ಬೆಸುಗೆಯ ಜಾಗಕ್ಕೆ ಸ್ಥಳದಲ್ಲೇ ಸ್ಲೀವ್ (ರಕ್ಷಣೆಯ ಪ್ಲಾಸ್ಟಿಕ್ ಪಟ್ಟಿ) ಸುತ್ತುತ್ತಾರೆ. ಅವಸರದ ಕೆಲಸ ಕೈಕೊಡುವುದೂ ಅಲ್ಲೇ.

ಅದಕ್ಕೇ ಹೂಳುವ ಮುನ್ನ ಹಾಲಿಡೇ ಡಿಟೆಕ್ಟರ್ ಎಂಬ, ಕೋಟಿಂಗಿನ ತೂತು ಪತ್ತೆಮಾಡುವ ವಿದ್ಯುತ್ ಸಾಧನ ಓಡಿಸುತ್ತಾರೆ, ಕೋಟಿಂಗ್ ತೂತಾದಲ್ಲಿ ಕಿಡಿ ಹಾರುತ್ತದೆ. ಜೊತೆಗೆ ಪೈಪಿಗೆ ಆನೋಡ್ ಎಂಬ ಮೆಗ್ನೀಸಿಯಂ ಲೋಹದ ಗಟ್ಟಿ ಜೋಡಿಸುವುದುಂಟು. ಉಕ್ಕಿನ ಬದಲು ಅದು ಸವೆಯುತ್ತದೆ; ಪೂರ್ತಿ ಸವೆಯುವ ಮೊದಲೇ ಬದಲಿಸಬೇಕು.