ಮಂಡಕಳ್ಳಿಗೆ ದೊಡ್ಡ ವಿಮಾನವೇ ಬರಬೇಕಾ?

ಮೈಸೂರು ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಊರಿನವರು ಹೇಳುವುದು ಒಂದೇ: ರನ್‌ವೇ ಉದ್ದ ಸಾಲದು. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಏರ್‌ಬಸ್, ಬೋಯಿಂಗ್ ತುಂಬಿಕೊಂಡು ಹಾರಬೇಕಾದರೆ ಅದನ್ನು ಉದ್ದ ಮಾಡಬೇಕು. ಮಾಡೋಣ ಅಂದರೆ ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ರೈಲು ಹಳಿ. 2010ರಲ್ಲಿ ಹೊಸ ಟರ್ಮಿನಲ್ ಆದ ಮೇಲೂ ಈ ಮಾತು ಮುಗಿದಿಲ್ಲ. ಅಷ್ಟರಲ್ಲಿ ಎಟಿಆರ್‌ನಂಥ, 70 ಸೀಟಿನ ಆಸುಪಾಸಿನ ಪ್ರೊಪೆಲ್ಲರ್ ವಿಮಾನ ಹಾರಿಸುವ ಕಂಪನಿಗಳು ಬಂದವು, ಹೋದವು.

ನಾನಿರುವುದು ಕೆನ್ಯಾದ ನೈರೋಬಿಯಲ್ಲಿ. ಇಲ್ಲಿ ದೊಡ್ಡ ಜೆಟ್‌ಗಳಿಗೆ ಜೋಮೋ ಕೆನ್ಯಾಟಾ ನಿಲ್ದಾಣ, ಸಣ್ಣ ವಿಮಾನಗಳಿಗೆ ವಿಲ್ಸನ್ ನಿಲ್ದಾಣ. ವಿಲ್ಸನ್‌ನ ಎರಡೂ ರನ್‌ವೇಗಳು ಮಂಡಕಳ್ಳಿಯದಕ್ಕಿಂತ ಗಿಡ್ಡ. ಅದೂ ಸಮುದ್ರಮಟ್ಟದಿಂದ ಸುಮಾರು 1,690 ಮೀಟರ್ ಎತ್ತರದಲ್ಲಿ. ಮಂಡಕಳ್ಳಿ ಅದರ ಅರ್ಧದಷ್ಟೂ ಎತ್ತರದಲ್ಲಿಲ್ಲ. ಮೇಲೆ ಹೋದಷ್ಟೂ ಗಾಳಿ ತೆಳು, ವಿಮಾನ ಏಳಲು ಇನ್ನೂ ಜಾಸ್ತಿ ಓಡಬೇಕು. ಆದರೂ ವಿಲ್ಸನ್‌ನಲ್ಲಿ ಬೆಳಗ್ಗೆಯಿಂದ ಒಂದರ ಹಿಂದೆ ಒಂದು ವಿಮಾನ ಏಳುತ್ತಲೇ ಇರುತ್ತದೆ. ಅವುಗಳಲ್ಲಿ ಪದೇಪದೇ ಕಾಣುವುದು ಸೆಸ್ನಾ ಕ್ಯಾರವಾನ್.

1982ರಲ್ಲಿ ಮೊದಲು ಹಾರಿದ ವಿಮಾನ ಇದು. ಮುಂದೆ ಒಂದೇ ಎಂಜಿನ್, ಕೆನಡಾದ ಪಿಟಿ6 ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಜೆಟ್ ಮಾದರಿಯ ಎಂಜಿನ್. ದೊಡ್ಡ ಜೆಟ್‌ಗೆ ಹಾಕುವ ಇಂಧನವೇ ಇದಕ್ಕೂ. ರೆಕ್ಕೆ ಮೇಲ್ಗಡೆ ಇರುವುದರಿಂದ ಮಣ್ಣಿನ ರನ್‌ವೇಯಲ್ಲಿ ಕಲ್ಲು ಎದ್ದರೂ ಅದಕ್ಕೆ ಬಡಿಯುವುದು ಕಡಿಮೆ. ಚಕ್ರಗಳು ಒಳಗೆ ಮಡಚುವುದಿಲ್ಲ, ಹಾಗಾಗಿ ಕೆಡುವ ಭಾಗಗಳೂ ಕಮ್ಮಿ. ಉದ್ದನೆಯ ಮಾದರಿಯಾದ ಗ್ರ್ಯಾಂಡ್ ಕ್ಯಾರವಾನ್‌ನಲ್ಲಿ 9ರಿಂದ 12 ಜನ ಕೂರಬಹುದು. ಸೀಟು ಬಿಚ್ಚಿದರೆ ಒಂದು ಟನ್‌ಗಿಂತ ಹೆಚ್ಚು ಸರಕು ಹಿಡಿಯುತ್ತದೆ. ಹಿಂದೆ ಅಗಲವಾದ ಬಾಗಿಲಿದೆ, ಹೊಟ್ಟೆಯ ಕೆಳಗೂ ಲಗೇಜು ತುಂಬುವ ಜಾಗವಿದೆ. ಅಮೆರಿಕದಲ್ಲಿ ಫೆಡೆಕ್ಸ್ ಸಣ್ಣ ಊರುಗಳ ಪಾರ್ಸೆಲ್ ಸಾಗಿಸಲು ಮೊದಲಿನಿಂದಲೂ ಇದನ್ನೇ ನೆಚ್ಚಿಕೊಂಡಿತು. ಸಮುದ್ರಮಟ್ಟದಲ್ಲಿ ಇದು ಮೇಲೇಳಲು 700 ಮೀಟರ್ ಸಾಕು ಅನ್ನುತ್ತದೆ ಕಂಪನಿಯ ಲೆಕ್ಕ. ಮಂಡಕಳ್ಳಿಯಲ್ಲಿ ಸ್ವಲ್ಪ ಜಾಸ್ತಿ ಬೇಕಾಗಬಹುದು, ಆದರೂ ಹೆಚ್ಚುಕಡಿಮೆ ಅರ್ಧ ರನ್‌ವೇ ಉಳಿಯುತ್ತದೆ.

ನನಗೆ ಹಿಡಿಸಿದ್ದು ವಿಮಾನಕ್ಕಿಂತ ಇಲ್ಲಿನವರು ಅದನ್ನು ಬಳಸುವ ರೀತಿ. ಇಲ್ಲಿನ ವನ್ಯಧಾಮ ಮಸಾಯಿ ಮಾರಾಕ್ಕೆ ಹೋಗುವ ಕ್ಯಾರವಾನ್ ನಮ್ಮ ಮಂಡ್ಯದ ಹಳ್ಳಿ ಬಸ್ಸಿನ ಹಾಗೆ. ಕೀಕೊರೊಕ್, ಮುಸಿಯಾರಾ, ಕಿಚ್ವಾ ಟೆಂಬೊ ಅಂತ ಅಲ್ಲಿ ಸುಮಾರು ಇಳಿದಾಣಗಳಿವೆ. ಅವತ್ತು ಎಲ್ಲಿ ಜನ ಇಳಿಯಬೇಕೋ, ಹತ್ತಬೇಕೋ ಅಲ್ಲಿಗೆ ಹೋಗುತ್ತದೆ. ಒಬ್ಬರಿಗೆ 15 ಕೆಜಿ ಲಗೇಜು, ಅದೂ ಮೆತ್ತನೆ ಚೀಲದಲ್ಲಿ. ವಿಮಾನದ ಪಕ್ಕಕ್ಕೇ ನಡೆದು ಹೋಗಿ ಮೆಟ್ಟಿಲು ಹತ್ತುವುದು. ಅಂಥ ಇಳಿದಾಣದಲ್ಲಿ ಗಾಜಿನ ಕಟ್ಟಡವಿಲ್ಲ, ನೆರಳಿಗೊಂದು ಸೂರು ಇದ್ದರೆ ಆಯಿತು. ಇದೇ ವಿಲ್ಸನ್‌ನಿಂದ ಆಮ್ರೆಫ್ ಸಂಸ್ಥೆಯ ಹಾರುವ ವೈದ್ಯರೂ ದೂರದ ರೋಗಿಗಳನ್ನು ಕರೆತರುತ್ತಾರೆ. ಆ ಸೇವೆ 1957ರಿಂದ ನಡೆದಿದೆ.

ನಮ್ಮಲ್ಲಿ ಯಾವ ದಾರಿಗೆ ಇದು ಹೊಂದುತ್ತದೆ? ಬೆಂಗಳೂರಿಗೆ ಖಂಡಿತ ಬೇಡ. 2023ರಲ್ಲಿ ದಶಪಥ ಆದ ಮೇಲೆ ಕಾರಿನಲ್ಲೇ ಬೇಗ ಹೋಗಬಹುದು. ನನ್ನ ಕಣ್ಣಿರುವುದು ಹಂಪಿಯ ಮೇಲೆ. ದಸರಾಕ್ಕೆ ಬಂದ ಪ್ರವಾಸಿಗರು ಅರಮನೆ, ಶ್ರೀರಂಗಪಟ್ಟಣ ನೋಡಿ ಹಂಪಿಗೆ ಹೋಗಬೇಕೆಂದರೆ ರಾತ್ರಿಯೆಲ್ಲ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೂರಬೇಕು. ತೋರಣಗಲ್ಲಿನ ಹತ್ತಿರ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣವಿದೆ. ನೇರ ಹಾರಿದರೆ ಸುಮಾರು 330 ಕಿಲೋಮೀಟರ್, ಕ್ಯಾರವಾನ್‌ಗೆ ಒಂದೂಕಾಲು ಗಂಟೆಯ ದಾರಿ. ಆ ದಾರಿಯಲ್ಲಿ ಎಟಿಆರ್‌ನ 70 ಸೀಟು ದಿನಾ ತುಂಬಲ್ಲ. 9 ತುಂಬಬಹುದು ಅಲ್ವಾ? ಆಮೇಲೆ ಮಂಗಳೂರು, ಶಿವಮೊಗ್ಗ.

ನಮ್ಮ ದೇಶದಲ್ಲಿ ಇದೆಲ್ಲ ನಡೆಯಲ್ಲ ಅನ್ನುವವರಿಗೆ ಗುಜರಾತನ್ನು ತೋರಿಸುತ್ತೇನೆ. 2022ರ ಜನವರಿಯಲ್ಲಿ ಸೂರತ್‌ನಿಂದ ಭಾವನಗರ, ಅಮ್ರೇಲಿ, ರಾಜಕೋಟ್‌ಗಳಿಗೆ 9 ಸೀಟಿನ ಇದೇ ವಿಮಾನ ಶುರುವಾಯಿತು.

ಟಿಕೆಟ್ ಅಗ್ಗ ಇರುವುದಿಲ್ಲ. ಮಾರಾಕ್ಕೆ ಹಾರುವವರಲ್ಲೂ ಹೆಚ್ಚಿನವರು ದುಡ್ಡಿರುವ ಪ್ರವಾಸಿಗರೇ. ಒಂದೇ ಎಂಜಿನ್ ಅನ್ನುವ ಭಯವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ 2018ರ ಜೂನ್‌ನಲ್ಲಿ ಕಿಟಾಲೆಯಿಂದ ನೈರೋಬಿಗೆ ಬರುತ್ತಿದ್ದ ಕ್ಯಾರವಾನ್ ಅಬರ್ಡೇರ್ ಬೆಟ್ಟಕ್ಕೆ ಬಡಿದು 10 ಜನ ತೀರಿಕೊಂಡಿದ್ದನ್ನು ನೆನೆದರೆ, ನನಗೆ ಎಂಜಿನ್‌ಗಿಂತ ಬೆಟ್ಟ ಮತ್ತು ಮೋಡದ ಚಿಂತೆಯೇ ಜಾಸ್ತಿ. ಮಂಗಳೂರಿನ ದಾರಿಯಲ್ಲಿ ಪಶ್ಚಿಮ ಘಟ್ಟ ದಾಟಬೇಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿ ಮುಚ್ಚಿಡಲಿ. ಹಂಪಿಯ ಕಡೆ ಬಯಲುಸೀಮೆ, ಅಲ್ಲಿಂದಲೇ ಶುರು ಮಾಡಲಿ, ದಸರೆಯ ಹೊತ್ತಿಗೆ.