ಪುಸ್ತಕ ಓದಿದರೆ ಸಾಲದು, ದಡದಲ್ಲಿ ನಿಲ್ಲಬೇಕು

ನಿಯಮಗಳನ್ನು ಓದಿಕೊಂಡು ಪರೀಕ್ಷೆ ಪಾಸಾದರೆ ಯಾರು ಬೇಕಾದರೂ ಕ್ಯಾನೋ ಸ್ಲಾಲಂ ತೀರ್ಪುಗಾರರಾಗಬಹುದು ಅಂತ ಬರೆದಿದ್ದೀರಿ. ರಭಸದ ಹರಿವಿನಲ್ಲಿ, ನೀರಿನ ಮೇಲೆ ತೂಗುಹಾಕಿದ ಜೋಡಿ ಕೋಲುಗಳ ‘ಗೇಟು’ಗಳ ನಡುವೆ ಬೇಗ ಬೇಗ ದೋಣಿ ನಡೆಸುವ ಸ್ಪರ್ಧೆ ಇದು. ಈ ಮಾತು ಒಪ್ಪುವುದು ಕಷ್ಟ.

ಪುಸ್ತಕದಲ್ಲಿ ಎಲ್ಲ ಸಲೀಸು. ಗೇಟಿನ ಕೋಲಿಗೆ ತಾಗಿದರೆ 2 ಸೆಕೆಂಡ್ ದಂಡ, ಗೇಟ್ ತಪ್ಪಿಸಿದರೆ 50. ಆದರೆ ನೀರಿನ ಎರಚಲಿಗೆ, ಗಾಳಿಗೆ ಕೋಲು ಸುಮ್ನೆ ಅಲ್ಲಾಡುತ್ತಲೇ ಇರುತ್ತದೆ. ಅಲ್ಲಾಡಿತು ಅಂದ ಮಾತ್ರಕ್ಕೆ ತಾಗಿತು ಅಂತಲ್ಲ. ಇನ್ನು ಕೆಂಪು ಬಿಳಿ ಗೇಟು ಬಂದರಂತೂ ಆಟಗಾರ ಹರಿವಿಗೆ ಎದುರಾಗಿ ನುಗ್ಗಬೇಕು. ತಲೆ ಪೂರ್ತಿಯಾಗಿ ಎರಡೂ ಕೋಲುಗಳ ನಡುವಿನ ಗೆರೆ ದಾಟಿತೋ ಇಲ್ಲವೋ ಅಂತ ನೋಡಬೇಕು. ಅಷ್ಟರಲ್ಲಿ ಹುಟ್ಟು ಅಡ್ಡ, ಭುಜ ಅಡ್ಡ, ನೊರೆ ಅಡ್ಡ. ರೆಪ್ಪೆ ಮಿಟುಕಿಸಿದರೆ ಮುಗಿಯಿತು.

ಸ್ಥಳೀಯ ಸ್ಪರ್ಧೆಗಳಲ್ಲಿ ಗೇಟಿನ ಬಳಿ ನಿಂತು ದಂಡ ಬರೆದುಕೊಂಡವನು ನಾನು. ಆ ಕಣ್ಣು ನನಗೆ ಬಂದದ್ದು ಪಕ್ಕದಲ್ಲಿ ನಿಂತಿದ್ದ ಹಿರಿಯರಿಂದ. ‘ದೋಣಿ ನೋಡ್ಬೇಡಿ, ಕೋಲಿನ ತುದಿ ನೋಡಿ’ ಅನ್ನುತ್ತಿದ್ದರು. ಅನುಮಾನ ಬಂದರೆ ಅದರ ಲಾಭ ಆಟಗಾರನಿಗೇ ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗಿಯ ಪದಕ ಆ 2 ಸೆಕೆಂಡಿನಲ್ಲಿ ಹೋಗಬಹುದು, ಅಲ್ವಾ?

ಹಾಗಾಗಿ ಪರೀಕ್ಷೆಗೆ ಮೊದಲು ಒಂದೆರಡು ಸ್ಪರ್ಧೆಗಳಲ್ಲಾದರೂ ಅನುಭವಿ ತೀರ್ಪುಗಾರರ ಜೊತೆ ನಿಲ್ಲಿಸುವುದು ಕಡ್ಡಾಯವಾಗಲಿ. ನಮ್ಮ ಗಣೇಶಗುಡಿ, ದಾಂಡೇಲಿ ಕಡೆ ಕಾಳಿ ನದಿಯಲ್ಲಿ ರಾಫ್ಟ್ ನಡೆಸುವ ಗೈಡ್‌ಗಳಿದ್ದಾರೆ. ಹರಿವು ಎಲ್ಲಿ ಎಳೆಯುತ್ತದೆ, ಎಲ್ಲಿ ತಿರುಗಿಸುತ್ತದೆ ಅಂತ ಅವರಿಗೆ ನೋಡಿದೊಡನೆ ತಿಳಿಯುತ್ತದೆ. ತೀರ್ಪುಗಾರರ ತರಬೇತಿಗೆ ಅವರನ್ನೇ ಮೊದಲು ಕರೆಯಿರಿ, ಅದೂ ಕನ್ನಡದಲ್ಲಿ ಪಾಠ ಮಾಡಿ.