ಕ್ರೀಮಿನ ಹೆಸರು ಬದಲಾದದ್ದು ನಿಷೇಧದಿಂದಲ್ಲ

‘ಬಿಳುಪಿನ ಕ್ರೀಮನ್ನು ಸರ್ಕಾರ ನಿಷೇಧಿಸಿದೆ, ಅದಕ್ಕೇ ಫೇರ್ ಆ್ಯಂಡ್ ಲವ್ಲಿ ಹೆಸರು ಬದಲಾಯಿತು’ ಎಂಬ ಸಂದೇಶ ಧಾರವಾಡದ ನಮ್ಮ ಓಣಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ಸುಳ್ಳು. 1975ರಲ್ಲಿ ಬಂದ ಆ ಕ್ರೀಮಿನ ಹೆಸರಿನಿಂದ ‘ಫೇರ್’ ಪದವನ್ನು 2020ರಲ್ಲಿ ತೆಗೆದದ್ದು ಹಿಂದೂಸ್ತಾನ್ ಯೂನಿಲಿವರ್ ಕಂಪನಿಯೇ. ‘ಗ್ಲೋ ಆ್ಯಂಡ್ ಲವ್ಲಿ’ ಎಂದು ಮಾರಾಟ ಮುಂದುವರಿಯಿತು. ಕಪ್ಪು ಮೈಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿತ್ತು. ಅದೂ ಜಾಹೀರಾತಿಗೆ ಹಾಕಿದ ಕಟ್ಟಳೆ, ಮಾರಾಟಕ್ಕಲ್ಲ.

ಹೆಸರು ಹೋದರೂ ಆ ಜಾಹೀರಾತುಗಳು ಕಲಿಸಿದ ಪಾಠ ಹೋಗಿಲ್ಲ, ನನ್ನ ಸಂಕಟ ಅದೇ. ಕಳೆದ ವಾರ ಕನ್ಯೆ ನೋಡಲು ಬರುತ್ತಾರೆಂದು ನನ್ನ ಅಕ್ಕನ ಮಗಳು ಮುಖಕ್ಕೆ ದಪ್ಪಗೆ ಪೌಡರ್ ಬಳಿದುಕೊಂಡಿದ್ದಳು. ಕೊರಳು ಮಾತ್ರ ತನ್ನ ಬಣ್ಣದಲ್ಲೇ ಉಳಿದಿತ್ತು. ಅದನ್ನು ಸೆರಗಿನಿಂದ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದಳು.